ಪಟ್ಟಿ ಹಿಡಿದು ಅವೆನ್ಯೂ ರಸ್ತೆಗೆ

ಮೊಮ್ಮಗಳು ಎಂಜಿನಿಯರಿಂಗ್ ಸೇರಿ ಎರಡು ವಾರವಾಗಿತ್ತು. ಅವಳ ಬ್ಯಾಗಿನ ಜಿಪ್ಪು ಕಿತ್ತುಹೋಗಿತ್ತು. ರಿಪೇರಿಗೆ ಕೊಡೋಣವೆಂದು ಖಾಲಿ ಮಾಡುವಾಗ ನಾಲ್ಕು ಮಡಿಕೆಯ ಕಾಗದವೊಂದು ಸಿಕ್ಕಿತು. ಮೊದಲ ಸೆಮಿಸ್ಟರಿನ ಆರು ಪುಸ್ತಕಗಳ ಪಟ್ಟಿ ಅದು. ಪ್ರತಿ ಹೆಸರಿನ ಮುಂದೆ ಪೆನ್ಸಿಲಿನಲ್ಲಿ ಬೆಲೆ ಬರೆದು, ಕೆಳಗೆ ಕೂಡಿಸಿದ್ದಳು: 4,860 ರೂಪಾಯಿ!

‘ಅಪ್ಪನಿಗೆ ತೋರಿಸಲಿಲ್ಲವೇನೇ?’ ಎಂದೆ.

‘ಫೀಸ್ ಕಟ್ಟೋಕೇ ಅಪ್ಪ ಸಾಲ ಮಾಡಿದ್ದಾರೆ ತಾತ. ಗೆಳತಿಯ ಪುಸ್ತಕದ ಫೋಟೋ ತೆಗೆದು ಮೊಬೈಲಿನಲ್ಲೇ ಓದ್ತಿದ್ದೀನಿ. ನೀನೂ ಹೇಳಬೇಡ’ ಅಂದಳು. ಕಣ್ಣು ಕೆಂಪಾಗಿತ್ತು.

ನನಗೆ ನನ್ನದೇ ನೆನಪಾಯಿತು. ಬಿ.ಎಸ್ಸಿ. ಓದುವಾಗ ಗೆಳೆಯನ ಪುಸ್ತಕ ತಂದು, ರಾತ್ರಿಯೆಲ್ಲ ಲಾಟೀನಿನ ಮುಂದೆ ಕೂತು ನೋಟ್‌ಬುಕ್ಕಿಗೆ ಇಳಿಸಿಕೊಳ್ಳುತ್ತಿದ್ದೆ. ಅದೇ ಪುಸ್ತಕ ಕಾಲೇಜಿನ ಗ್ರಂಥಾಲಯದಲ್ಲೇ ಇದೆ ಎಂದು ತಿಳಿದದ್ದು ಕೊನೆಯ ವರ್ಷ. ಯಾರನ್ನೂ ಕೇಳಿರಲಿಲ್ಲ, ನಾಚಿಕೆ. ‘ಕೇಳದೆ ಕೂತರೆ ಪುಸ್ತಕ ತಾನಾಗಿ ನಡೆದು ಬರಲ್ಲ. ನಾಳೆಯೇ ಗ್ರಂಥಾಲಯದಲ್ಲಿ ವಿಚಾರಿಸು’ ಎಂದೆ.

ಅವಳ ಕಾಲೇಜಿನಲ್ಲಿ ‘ಬುಕ್ ಬ್ಯಾಂಕ್’ ಇತ್ತು. ಸಾಮಾನ್ಯವಾಗಿ ಗ್ರಂಥಾಲಯದ ಪುಸ್ತಕವನ್ನು ಕೆಲವೇ ದಿನಗಳಲ್ಲಿ ಹಿಂತಿರುಗಿಸಬೇಕು. ಬುಕ್ ಬ್ಯಾಂಕಿನದನ್ನು ಸೆಮಿಸ್ಟರ್ ಪೂರ್ತಿ ಇಟ್ಟುಕೊಳ್ಳಬಹುದು. ಅಲ್ಲಿ ಎರಡು ಸಿಕ್ಕವು. ಎರಡನೇ ವರ್ಷದ ಹುಡುಗಿಯೊಬ್ಬಳು ಇನ್ನೊಂದನ್ನು ಕೊಟ್ಟಳು. ಉಳಿದದ್ದು ಮೂರು.

ಭಾನುವಾರ ಇಬ್ಬರೂ ಬೆಂಗಳೂರಿನ ಅವೆನ್ಯೂ ರಸ್ತೆಗೆ ಹೋದೆವು. ಮೈಸೂರು ಬ್ಯಾಂಕ್ ವೃತ್ತದಿಂದ ಕೆ.ಆರ್. ಮಾರುಕಟ್ಟೆಯ ಕಡೆಗೆ ಹೋಗುವ ಈ ಇಕ್ಕಟ್ಟಿನ ರಸ್ತೆ ಹಳೆಯ ಪುಸ್ತಕಗಳಿಗೆ ಹೆಸರುವಾಸಿ. ಬಿ.ಎಸ್. ಗ್ರೆವಾಲ್ ಅವರ ದಪ್ಪನೆಯ ಗಣಿತ ಪುಸ್ತಕವೂ ಮತ್ತೊಂದೂ ಸೇರಿ 850 ರೂಪಾಯಿಗೆ ಸಿಕ್ಕವು. ‘ಚೆನ್ನಾಗಿ ಇಟ್ಕೊಂಡು ತಂದ್ರೆ ನಾವೇ ವಾಪಸ್ ತಗೋತೀವಿ ಯಜಮಾನ್ರೇ’ ಎಂದ ಅಂಗಡಿಯವನು.

ಇಲ್ಲೊಂದು ಎಚ್ಚರಿಕೆ. ಅಗ್ಗವೆಂದು ಕಣ್ಣುಮುಚ್ಚಿ ಕೊಳ್ಳಬಾರದು. ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯದ ಪಠ್ಯಕ್ರಮ 2018, 2021, 2022ರಲ್ಲಿ ಬದಲಾಗಿದೆ. ಹಾಗಾಗಿ ಮೊಮ್ಮಗಳು ಸಿಲಬಸ್ ಹಾಳೆಯನ್ನು ಪುಸ್ತಕದ ಪರಿವಿಡಿಯ ಪಕ್ಕದಲ್ಲಿಟ್ಟು, ಒಂದೊಂದೇ ಅಧ್ಯಾಯ ತಾಳೆ ನೋಡಿ ಕೊಂಡಳು.

ಆರನೆಯ ಪುಸ್ತಕದಲ್ಲಿ ಬೇಕಾದದ್ದು ಎರಡೇ ಅಧ್ಯಾಯ. ಅದನ್ನು ಗ್ರಂಥಾಲಯದಲ್ಲೇ ಕೂತು ಓದುತ್ತಾಳೆ. ಅರ್ಥವಾಗದಿದ್ದರೆ ಐಐಟಿಗಳೂ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯೂ ಸೇರಿ ನಡೆಸುವ ‘ಎನ್‌ಪಿಟೆಲ್’ ಪಾಠಗಳನ್ನು ಮೊಬೈಲಿನಲ್ಲಿ ಉಚಿತವಾಗಿ ಕೇಳುತ್ತಾಳೆ. ಖರಗ್‌ಪುರದ ಐಐಟಿ ರೂಪಿಸಿದ ರಾಷ್ಟ್ರೀಯ ಡಿಜಿಟಲ್ ಗ್ರಂಥಾಲಯವೂ ಇದೆ.

‘ಇಡೀ ಪುಸ್ತಕ ಜೆರಾಕ್ಸ್ ಮಾಡಿಸಿಬಿಟ್ಟರೆ?’ ಎಂದು ಅವಳ ತಮ್ಮ ಕೇಳಿದ. ಒಳ್ಳೆಯ ಪ್ರಶ್ನೆಯೇ. 2012ರಲ್ಲಿ ಮೂರು ದೊಡ್ಡ ಪ್ರಕಾಶನ ಸಂಸ್ಥೆಗಳು ದೆಹಲಿ ವಿಶ್ವವಿದ್ಯಾಲಯದ ಜೆರಾಕ್ಸ್ ಅಂಗಡಿಯೊಂದರ ಮೇಲೆ ಮೊಕದ್ದಮೆ ಹೂಡಿದವು. ಪಾಠಕ್ಕೆ ಬೇಕಾದ ಭಾಗಗಳನ್ನು ಪ್ರತಿ ಮಾಡಲು ಕಾನೂನಿನಲ್ಲಿ ಅವಕಾಶವಿದೆ ಎಂದು ದೆಹಲಿ ಹೈಕೋರ್ಟ್ 2016ರಲ್ಲಿ ಹೇಳಿತು. 2017ರಲ್ಲಿ ಪ್ರಕಾಶಕರು ಮೊಕದ್ದಮೆ ಕೈಬಿಟ್ಟರು. ಹಾಗೆಂದು ಇಡೀ ಪುಸ್ತಕ ನಕಲು ಮಾಡಿ ಮಾರುವುದು ಸರಿಯಲ್ಲ. ಬರೆದವರ ಶ್ರಮಕ್ಕೂ ಬೆಲೆಯಿದೆ ಎಂದು ಅವನಿಗೆ ಹೇಳಿದೆ.

ಆ ರಾತ್ರಿ ಮೊಮ್ಮಗಳು ಪಟ್ಟಿಯನ್ನೂ ಲೆಕ್ಕವನ್ನೂ ತಾನೇ ಅಪ್ಪನ ಮುಂದಿಟ್ಟಳು. ಮಗ ಬಹಳ ಹೊತ್ತು ಅದನ್ನೇ ನೋಡಿದ. ‘ಇನ್ನು ಮೇಲೆ ಮೊದಲು ನನಗೆ ಹೇಳು ಪುಟ್ಟಿ. ಕೊಡೋಕೆ ಆಗದಿದ್ದರೂ ಹುಡುಕೋಕಾದರೂ ಜೊತೆಗೆ ಬರ್ತೀನಿ’ ಎಂದ.

ಹಳೆಯ ಗಣಿತ ಪುಸ್ತಕದ ಒಂದು ಕಠಿಣ ಲೆಕ್ಕದ ಪಕ್ಕದಲ್ಲಿ ಯಾರೋ ಪೆನ್ಸಿಲಿನಲ್ಲಿ ಸುಳಿವು ಬರೆದಿದ್ದಾರೆ. ಅದು ಅವಳಿಗೆ ನೆರವಾಯಿತಂತೆ. ಈಗ ಅವಳೂ ಕಂದು ಕಾಗದದ ರಟ್ಟು ಹಾಕಿ, ಪೆನ್ನು ಮುಟ್ಟಿಸದೆ ಓದುತ್ತಿದ್ದಾಳೆ. ಮುಂದಿನ ವರ್ಷ ಇದನ್ನು ಅಂಗಡಿಗೆ ಕೊಡುವುದಿಲ್ಲವಂತೆ. ಪುಸ್ತಕ ಕೇಳಲು ನಾಚುವ ಒಬ್ಬ ಜೂನಿಯರ್ ಸಿಕ್ಕೇ ಸಿಗುತ್ತಾಳೆ, ಅವಳಿಗೆ ಕೊಡುತ್ತೇನೆ ಎನ್ನುತ್ತಾಳೆ.