ಕಿಸೆಯ ಚಾಕು: ಬಲವೆಲ್ಲ ಕೀಲಿನಲ್ಲಿ

ಹೂವು ಕಾಯಿಗೆ ತಿರುಗುವ ಹೊತ್ತಿನಲ್ಲಿ ತೊಗರಿ ಗಿಡ ನಿಂತಲ್ಲೇ ಒಣಗತೊಡಗಿದರೆ ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ರೈತರಿಗೆ ನಿದ್ದೆ ಬರುವುದಿಲ್ಲ. ತೇವ ಸಾಲದೆ ಬಾಡಿತೇ, ನೀರು ನಿಂತು ಬೇರು ಕೊಳೆಯಿತೇ, ಅಥವಾ ನೆಟೆ ರೋಗ ಹೊಕ್ಕಿತೇ? ಎಲೆ ನೋಡಿ ಇದನ್ನು ಹೇಳುವುದು ಕಷ್ಟ. ಗಿಡವನ್ನು ಕಿತ್ತು, ಬುಡದ ಕಾಂಡವನ್ನು ಉದ್ದಕ್ಕೆ ಸೀಳಿ ನೋಡಬೇಕು. ಒಳಗಿನ ಕಟ್ಟಿಗೆಯಲ್ಲಿ ಕಂದು ಅಥವಾ ಕಪ್ಪು ಗೆರೆಗಳು ಮೇಲಕ್ಕೆ ಹರಿದಿದ್ದರೆ ಅದು ನೆಟೆ ರೋಗ. ಫ್ಯುಸೇರಿಯಂ ಉಡಮ್ ಎಂಬ ಶಿಲೀಂಧ್ರ ನೀರು ಸಾಗುವ ನಾಳಗಳನ್ನು ಕಟ್ಟಿಹಾಕಿದ ಗುರುತು ಅದು. ಕಾಂಡದ ಒಳಗು ಬೆಳ್ಳಗಿದ್ದು ಬೇರು ಮಾತ್ರ ಕೊಳೆತಿದ್ದರೆ ಕಾರಣ ಬೇರೆ, ಉಪಾಯವೂ ಬೇರೆ. 2022ರ ಹಂಗಾಮಿನಲ್ಲಿ ಕಲಬುರಗಿ ಜಿಲ್ಲೆಯ ತೊಗರಿ ದೊಡ್ಡ ಪ್ರಮಾಣದಲ್ಲಿ ಒಣಗಿದಾಗ ಎಷ್ಟೋ ಹೊಲಗಳಲ್ಲಿ ಈ ಸೀಳುನೋಟವೇ ಮೊದಲ ಪರೀಕ್ಷೆಯಾಗಿತ್ತು. ಅಫಜಲಪುರದ ಕಬ್ಬಿನ ಗದ್ದೆಗಳಲ್ಲೂ ಹಾಗೆಯೇ. ಕಬ್ಬನ್ನು ಉದ್ದಕ್ಕೆ ಸೀಳಿದಾಗ ಕೆಂಪಗಾದ ತಿರುಳಿನ ನಡುವೆ ಅಡ್ಡಡ್ಡ ಬಿಳಿ ಪಟ್ಟೆಗಳು ಕಂಡು, ಹುಳಿ ಹೆಂಡದ ವಾಸನೆ ಬಂದರೆ ಅದು ಕೆಂಪು ಕೊಳೆ ರೋಗ.

ಈ ಕೆಲಸಕ್ಕೆ ಕುಡಗೋಲು ದೊಡ್ಡದಾಯಿತು, ಬ್ಲೇಡು ಮುರಿಯುತ್ತದೆ. ಬೇಕಾದದ್ದು ಕಿಸೆಯಲ್ಲಿ ಕೂರುವ ಮಡಚುವ ಚಾಕು. ಗೊಬ್ಬರದ ಚೀಲ ಬಿಚ್ಚಲು, ಸುತಳಿ ಕತ್ತರಿಸಲು, ಹನಿ ನೀರಾವರಿಯ ಪೈಪಿನ ತುದಿ ನೇರ ಮಾಡಲು, ಊಟದ ಹೊತ್ತಿಗೆ ಉಳ್ಳಾಗಡ್ಡಿ ಹೆಚ್ಚಲು ಕೈಗೆ ಬರುವುದೂ ಅದೇ. ಕೊಳ್ಳುವಾಗ ಮಾತ್ರ ಹೆಚ್ಚಿನವರು ಅಲಗಿನ ಹೊಳಪನ್ನೂ ಉದ್ದವನ್ನೂ ನೋಡುತ್ತಾರೆ. ಮೊದಲು ಪರೀಕ್ಷಿಸಬೇಕಾದದ್ದು ಅಲಗು ಹಿಡಿಗೆ ಕೂಡುವ ಆ ಕೀಲನ್ನು. ಮಡಚುವ ಚಾಕುವಿನ ಅತ್ಯಂತ ದುರ್ಬಲ ಜಾಗ ಅದು. ಬೆರಳು ಕೊಯ್ದುಕೊಳ್ಳುವುದು, ಬಿಡುವುದು ಅದರ ಮೇಲೆಯೇ ನಿಂತಿದೆ.

ಯಂತ್ರವಾಗಿ ನೋಡಿದರೆ ಚಾಕು ಬಲವನ್ನು ಕಿರಿದಾದ ಜಾಗಕ್ಕೆ ಕೂಡಿಸಿಕೊಡುವ ಬೆಣೆ. ಚೆನ್ನಾಗಿ ಮಸೆದ ಅಂಚಿನ ದಪ್ಪ ಸುಮಾರು 1 ಮೈಕ್ರಾನ್, ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಭಾಗ. ಒಂದು ಕಿಲೋ ತೂಕದಷ್ಟು ಬಲವನ್ನು 1 ಸೆಂಟಿಮೀಟರ್ ಉದ್ದದ ಇಂಥ ಅಂಚಿನ ಮೇಲೆ ಹಾಕಿದರೆ, ಅಂಚಿನಡಿಯ ಒತ್ತಡ ನಮ್ಮ ಸುತ್ತಲಿನ ಗಾಳಿಯ ಒತ್ತಡದ ಸುಮಾರು 10,000 ಪಟ್ಟು ಆಗುತ್ತದೆ. ಅಂಚು ಸವೆದು 20 ಮೈಕ್ರಾನ್ ದಪ್ಪವಾದರೆ ಅದೇ ಬಲಕ್ಕೆ 500 ಪಟ್ಟು ಮಾತ್ರ ಸಿಗುತ್ತದೆ. ಕಣ್ಣಿಗೆ ಎರಡೂ ಒಂದೇ ರೀತಿ ಕಾಣುತ್ತವೆ. ಕೈ ಮಾತ್ರ ಕೊರತೆಯನ್ನು ತುಂಬಲು ಇನ್ನಷ್ಟು ಒತ್ತುತ್ತದೆ, ತಿರುವುತ್ತದೆ, ಅಲುಗಿಸುತ್ತದೆ. ಆ ಹೆಚ್ಚಿನ ಬಲವೆಲ್ಲ ಹೋಗಿ ಬೀಳುವುದು ಕೀಲಿನ ಮೇಲೆ. ಮೊಂಡು ಚಾಕುವೇ ಹೆಚ್ಚು ಗಾಯ ಮಾಡುತ್ತದೆ ಎಂದು ಅನುಭವಿಗಳು ಹೇಳುವುದು ಈ ಕಾರಣಕ್ಕೆ.

ನೇರವಾಗಿ ಕೊಯ್ಯುವಾಗ ಮಡಚುವ ಚಾಕುವಿಗೆ ಬೀಗವೇ ಬೇಕಿಲ್ಲ. ಅಂಚು ಕೆಳಗೆ ಒತ್ತಿದಾಗ ಉಳ್ಳಾಗಡ್ಡಿ ಅದನ್ನು ಮೇಲಕ್ಕೆ ತಳ್ಳುತ್ತದೆ. ಆ ತಳ್ಳುವಿಕೆ ಅಲಗನ್ನು ಇನ್ನಷ್ಟು ತೆರೆಯುವ ದಿಕ್ಕಿನಲ್ಲಿರುತ್ತದೆ. ತೆರೆದ ಅಲಗಿಗೆ ಹಿಂದೆ ತಡೆ ಇದ್ದೇ ಇರುವುದರಿಂದ ಅದು ಅಲ್ಲಾಡುವುದಿಲ್ಲ. ಅಪಾಯ ಬರುವುದು ಬಲ ಬೆನ್ನಿನ ಕಡೆಯಿಂದ ಬಿದ್ದಾಗ. ಒಣ ತೊಗರಿ ಕಟ್ಟಿಗೆಯಲ್ಲಿ ಸಿಕ್ಕಿಬಿದ್ದ ಅಲಗನ್ನು ಎಳೆದು ಬಿಡಿಸುವಾಗ, ಮೊನೆಯಿಂದ ಚುಚ್ಚಿ ತೂತು ಮಾಡುವಾಗ, ಅಲಗಿನ ಬೆನ್ನು ಯಾವುದಕ್ಕಾದರೂ ಬಡಿದಾಗ ಅದು ಮಡಚಿಕೊಳ್ಳಲು ನೋಡುತ್ತದೆ. ಮಡಚಿದ ಅಲಗು ಬಂದು ಕೂರುವ ಸಂದಿನ ಮೇಲೆಯೇ ನಾಲ್ಕೂ ಬೆರಳುಗಳು ಹಿಡಿಯನ್ನು ಸುತ್ತಿರುತ್ತವೆ.

ಈ ಒಂದು ತೊಂದರೆಗೆ ಮನುಷ್ಯ ಎರಡೂವರೆ ಸಾವಿರ ವರ್ಷಗಳಿಂದ ಪರಿಹಾರ ಹುಡುಕುತ್ತಿದ್ದಾನೆ. ಆಸ್ಟ್ರಿಯಾದ ಹಾಲ್‌ಸ್ಟಾಟ್‌ನಲ್ಲಿ ಸಿಕ್ಕ, ಎಲುಬಿನ ಹಿಡಿಯ ಮಡಚುವ ಚಾಕು ಅಷ್ಟು ಹಳೆಯದು. ಬರೀ ಒಂದು ಮೊಳೆ, ಅದರ ಬಿಗಿಯಷ್ಟೇ ಅಲಗನ್ನು ಹಿಡಿದಿಡುವ ಸರಳ ವಿನ್ಯಾಸ ಇಂದಿಗೂ ಬದುಕಿದೆ: ಹಳೆಯ ಕಾಲದ ಕ್ಷೌರದ ಕತ್ತಿ ಇದೇ ಜಾತಿಯದು. ಅದರ ಅಲಗಿನ ಬುಡ ಬಾಲದಂತೆ ಹಿಂದಕ್ಕೆ ಚಾಚಿಕೊಂಡಿರುತ್ತದೆ, ಕ್ಷೌರಿಕನ ಬೆರಳೇ ಅದನ್ನು ಹಿಡಿದು ಅಂಕೆಯಲ್ಲಿಡುತ್ತದೆ. ಜಪಾನಿನ ಹಿಗೊನೊಕಾಮಿ ಚಾಕುವಿನದೂ ಇದೇ ಉಪಾಯ.

ಮುಂದಿನ ಹೆಜ್ಜೆ ಬೆನ್ನಿನ ಸ್ಪ್ರಿಂಗು. ಹಿಡಿಯ ಬೆನ್ನಿನುದ್ದಕ್ಕೂ ಉಕ್ಕಿನ ಪಟ್ಟಿಯೊಂದು ಅಲಗಿನ ಚೌಕ ಬುಡವನ್ನು ಒತ್ತುತ್ತಿರುತ್ತದೆ. ಚೌಕದ ಮೂಲೆ ಪಟ್ಟಿಯನ್ನು ಎತ್ತಿ ದಾಟಿದಾಗಲೇ ಅಲಗು ತೆರೆಯುವುದು ಅಥವಾ ಮುಚ್ಚುವುದು. ಟಕ್ ಎನ್ನುವ ಸದ್ದು ಅದರದೇ. ಸ್ವಿಟ್ಜರ್ಲೆಂಡಿನ ಕಾರ್ಲ್ ಎಲ್ಸೆನರ್ 1891ರಲ್ಲಿ ಅಲ್ಲಿನ ಸೈನಿಕರಿಗೆ ಚಾಕು ಪೂರೈಸಲು ಶುರುಮಾಡಿದರು. ಇಂದು ಲೋಕವೆಲ್ಲ ಗುರುತಿಸುವ ಆ ಕೆಂಪು ಹಿಡಿಯ ಚಾಕುಗಳಲ್ಲಿ ಹೆಚ್ಚಿನವು ಈಗಲೂ ಸ್ಪ್ರಿಂಗಿನ ಬಿಗಿಯಲ್ಲೇ ನಿಲ್ಲುತ್ತವೆ. ಆದರೆ ಇದು ತಡೆಯೇ ಹೊರತು ಬೀಗವಲ್ಲ. ಸಾಕಷ್ಟು ಬಲ ಬಿದ್ದರೆ ಮಡಚಿಕೊಳ್ಳುತ್ತದೆ.

ನಿಜವಾದ ಬೀಗಗಳಲ್ಲಿ ಮೂರು ನಮ್ಮ ಅಂಗಡಿಗಳಲ್ಲೂ ಕಾಣಸಿಗುತ್ತವೆ. ಫ್ರಾನ್ಸಿನ ಒಪಿನೆಲ್ ಚಾಕುವಿನದು ಅತಿ ಸರಳ. ಜೋಸೆಫ್ ಒಪಿನೆಲ್ 1890ರ ಸುಮಾರಿಗೆ ರೈತರಿಗಾಗಿ ಮಾಡಿದ ಮರದ ಹಿಡಿಯ ಈ ಚಾಕುವಿಗೆ 1955ರಲ್ಲಿ ಉಕ್ಕಿನ ಉಂಗುರ ಸೇರಿತು. ಅಲಗು ತೆರೆದು ಉಂಗುರ ತಿರುಗಿಸಿದರೆ ಅದು ಸಂದಿಗೆ ಅಡ್ಡ ನಿಲ್ಲುತ್ತದೆ. ಎರಡನೆಯದು ಬೆನ್ನಿನ ಕೊಕ್ಕೆ. ಅಲಗು ಪೂರ್ತಿ ತೆರೆದಾಗ ಹಿಡಿಯ ಬೆನ್ನಿನ ಸರಳೊಂದರ ಕೊಕ್ಕೆ ಅಲಗಿನ ಬುಡದ ಕಚ್ಚಿನೊಳಗೆ ಬೀಳುತ್ತದೆ. ಮುಚ್ಚಲು ಬೆನ್ನನ್ನು ಒತ್ತಬೇಕು. ಮೂರನೆಯದರಲ್ಲಿ ಹಿಡಿಯ ಒಳಪದರದ ತಗಡೇ ಸ್ಪ್ರಿಂಗಿನಂತೆ ಚಿಮ್ಮಿ ಅಲಗಿನ ಬುಡದ ಹಿಂದೆ ಆನಿಕೆ ಕೊಡುತ್ತದೆ. ಅಮೆರಿಕದ ಮೈಕೇಲ್ ವಾಕರ್ 1980ರ ದಶಕದ ಆರಂಭದಲ್ಲಿ ಇದಕ್ಕೆ ಈಗಿನ ರೂಪ ಕೊಟ್ಟರು. ಹಗ್ಗವನ್ನೋ ದನವನ್ನೋ ಹಿಡಿದ ಕೈ ಬಿಡಲಾಗದಿದ್ದಾಗ ಇದನ್ನು ಒಂದೇ ಕೈಯಲ್ಲಿ ತೆರೆದು ಮುಚ್ಚಬಹುದು.

ಈ ಮೂರರಲ್ಲಿ ಯಾವುದು ಒಳ್ಳೆಯದು ಎಂಬುದನ್ನು ಇಲ್ಲಿನ ಮಣ್ಣು ತೀರ್ಮಾನಿಸುತ್ತದೆ. ಭೀಮಾ ತೀರದ ಕರಿ ಎರೆಯಲ್ಲಿ ಸ್ಮೆಕ್ಟೈಟ್ ಜಾತಿಯ ಜೇಡಿ ತುಂಬಿದೆ. ಅದರ ಕಣಗಳು 2 ಮೈಕ್ರಾನಿಗಿಂತ ಚಿಕ್ಕವು, ನೀರು ಕುಡಿದರೆ ಉಬ್ಬುತ್ತವೆ, ಒಣಗಿದರೆ ಕುಗ್ಗಿ ಗಟ್ಟಿಯಾಗುತ್ತವೆ. ಬೇಸಿಗೆಯಲ್ಲಿ ಹೊಲದಲ್ಲಿ ಬಿರುಕು ಬಿಡಿಸುವ ಇದೇ ಗುಣ ಕಿಸೆಯ ಚಾಕುವಿನೊಳಗೂ ಕೆಲಸ ಮಾಡುತ್ತದೆ. ಬೆನ್ನಿನ ಕೊಕ್ಕೆಯ ಚಾಕುವಿನಲ್ಲಿ ಆ ಸಣ್ಣ ಕಚ್ಚಿನ ತಳಕ್ಕೆ ಕೆಸರು ಸೇರಿ ಒಣಗಿದರೆ ಕೊಕ್ಕೆ ಪೂರ್ತಿ ಇಳಿಯುವುದಿಲ್ಲ. ಬೀಗ ಬಿದ್ದಂತೆ ಕಾಣುತ್ತದೆ, ಬಿದ್ದಿರುವುದಿಲ್ಲ. ಮೂರೂ ಬೀಗಗಳಿಗಿರುವ ತೊಂದರೆಗಳಲ್ಲಿ ಅತ್ಯಂತ ಮೋಸದ್ದು ಇದೇ. ಮರದ ಹಿಡಿಯ ಚಾಕು ಮಳೆಗಾಲದಲ್ಲಿ ತೇವ ಹೀರಿ ಉಬ್ಬಿ ಅಲಗನ್ನು ಬಿಗಿಯಾಗಿ ಕಚ್ಚಿಕೊಳ್ಳುತ್ತದೆ, ಬೇಸಿಗೆಯ 42 ಡಿಗ್ರಿಯ ಒಣ ಬಿಸಿಲಿನಲ್ಲಿ ಸಡಿಲವಾಗುತ್ತದೆ. ಒಳಪದರದ ಬೀಗವಿರುವ, ಹಿಡಿಯ ಬೆನ್ನು ತೆರೆದಿರುವ ಚಾಕುವನ್ನಾದರೆ ನಲ್ಲಿಯ ಕೆಳಗೆ ಹಿಡಿದು ತೊಳೆಯಬಹುದು, ಬೆಳಕಿಗೆ ಹಿಡಿದು ಒಳಗೆ ಮಣ್ಣು ಉಳಿದಿದೆಯೇ ಎಂದು ನೋಡಬಹುದು. ಎರೆ ಹೊಲದಲ್ಲಿ ದುಡಿಯುವವರಿಗೆ ಇದೇ ಸೂಕ್ತ. ಮನೆ, ಕಚೇರಿ, ಪ್ರಯಾಣಕ್ಕೆ ಮಾತ್ರವಾದರೆ ಸ್ಪ್ರಿಂಗಿನ ಸಣ್ಣ ಚಾಕು ಸಾಕು.

ಉಕ್ಕಿನ ಬಗ್ಗೆ ಅಂಗಡಿಯವರು ಹೇಳುವಷ್ಟು ತಲೆ ಕೆಡಿಸಿಕೊಳ್ಳಬೇಕಿಲ್ಲ. ಇಂಗಾಲದ ಉಕ್ಕು ಬೇಗ ಹರಿತವಾಗುತ್ತದೆ, ಆದರೆ ಬೆವರಿನ ಉಪ್ಪಿಗೆ ತುಕ್ಕು ಹಿಡಿಯುತ್ತದೆ, ನಿಂಬೆಯ ಹುಳಿಗೆ ಕಪ್ಪಾಗುತ್ತದೆ. ಸ್ಟೇನ್‌ಲೆಸ್ ಚಾಕುಗಳಲ್ಲಿ ಸಾಮಾನ್ಯವಾಗಿ 13 ಶೇಕಡಾ ಆಸುಪಾಸು ಕ್ರೋಮಿಯಂ ಇರುತ್ತದೆ. ಅದು ಮೇಲ್ಮೈಯಲ್ಲಿ ಆಕ್ಸೈಡಿನ ತೆಳು ಪೊರೆ ಕಟ್ಟಿ ತುಕ್ಕನ್ನು ತಡೆಯುತ್ತದೆ. ಇಡೀ ದಿನ ಬೆವರಿದ ಅಂಗಿಯ ಕಿಸೆಯಲ್ಲಿರುವ ಚಾಕು ಸ್ಟೇನ್‌ಲೆಸ್ ಆಗಿರುವುದೇ ಒಳ್ಳೆಯದು. ಗಡಸುತನ ರಾಕ್‌ವೆಲ್ ಅಳತೆಯಲ್ಲಿ 55ರಿಂದ 60ರ ನಡುವೆ ಇದ್ದರೆ ಸಾಕು. ಅದಕ್ಕಿಂತ ಗಡಸಾದರೆ ಅಂಚು ಸಿಡಿಯುತ್ತದೆ, ಮೆದುವಾದರೆ ಮಡಚಿಕೊಳ್ಳುತ್ತದೆ. ಲಾರಿಯ ಕಮಾನುಪಟ್ಟಿ ಬಡಿದು ಕುಡಗೋಲು ಮಾಡುವ ಊರಿನ ಕಮ್ಮಾರರ ಉಕ್ಕು ಇದಕ್ಕಿಂತ ಕೀಳೇನಲ್ಲ. ಕಮಾನುಪಟ್ಟಿಯಲ್ಲಿ ಅರ್ಧ ಶೇಕಡಾಕ್ಕೂ ಮಿಕ್ಕಿ ಇಂಗಾಲವಿದ್ದು, ಸರಿಯಾಗಿ ಕಾಸಿ ತಣಿಸಿದರೆ ಗಟ್ಟಿ ಅಲಗಾಗುತ್ತದೆ.

ಯಾವ ಉಕ್ಕಾದರೂ ಇಲ್ಲಿ ಬೇಗ ಮೊಂಡಾಗುತ್ತದೆ. ಜೋಳದ ಕಣಿಕೆ ಮತ್ತು ಕಬ್ಬು ಮಣ್ಣಿನಿಂದ ಸಿಲಿಕಾ ಹೀರಿ ತಮ್ಮ ಅಂಗಾಂಶದಲ್ಲಿ ಗಾಜಿನಂಥ ಸೂಕ್ಷ್ಮ ಕಣಗಳಾಗಿ ಕೂಡಿಡುತ್ತವೆ. ಪ್ರತಿ ಕೊಯ್ತವೂ ಅಂಚನ್ನು ಅಷ್ಟಷ್ಟೇ ತೇಯುತ್ತದೆ. ಆದ್ದರಿಂದ ಮಸೆಯಲು ಬರುವುದು ಒಳ್ಳೆಯ ಉಕ್ಕಿಗಿಂತ ಹೆಚ್ಚಿನ ಆಸ್ತಿ. ಮನೆಯ ನೆಲಕ್ಕೆ ಹಾಸಿದ ಶಹಾಬಾದ ಫರಸಿಯ ಮೇಲೆ ಚಾಕು ತಿಕ್ಕುವ ರೂಢಿ ಕೆಲವೆಡೆ ಇದೆ. ಅದರಿಂದ ಹೆಚ್ಚು ಉಪಯೋಗವಿಲ್ಲ. ಅದು ಸುಣ್ಣದ ಕಲ್ಲು. ಮೋಸ್ ಗಡಸುತನದ ಅಳತೆಯಲ್ಲಿ ಅದರ ಮುಖ್ಯ ಖನಿಜ ಕ್ಯಾಲ್ಸೈಟ್ 3ರಲ್ಲಿದೆ, ಗಡಸು ಉಕ್ಕು 6ರ ಆಸುಪಾಸಿನಲ್ಲಿದೆ. ಮೆದು ಕಲ್ಲು ಗಟ್ಟಿ ಉಕ್ಕನ್ನು ಹೇಗೆ ತೇದೀತು? ಪೇಟೆಯಲ್ಲಿ ಸಿಗುವ ಸಾಣೆಕಲ್ಲು ತರುವುದು ಸರಿ. ಅದಿಲ್ಲದಾಗ ಚಹಾ ಕುಡಿಯುವ ಪಿಂಗಾಣಿ ಕಪ್ಪಿನ ತಳದಲ್ಲಿ ಹೊಳಪಿಲ್ಲದ ಒರಟು ಉಂಗುರವಿರುತ್ತದೆ, ಅದು ಉಕ್ಕಿಗಿಂತ ಗಟ್ಟಿ. ಪ್ರತಿ ಬದಿಗೆ 15ರಿಂದ 20 ಡಿಗ್ರಿ ಕೋನದಲ್ಲಿ, ಎರಡೂ ಬದಿ ಸಮನಾಗಿ ಎಳೆದರೆ ಅಂಚು ಮರಳಿ ಬರುತ್ತದೆ. ನಿಂಬೆ, ಮಾವಿಗೆ ಕಸಿ ಕಟ್ಟುವವರ ಚಾಕುವಿಗೆ ಮಾತ್ರ ಈ ಲೆಕ್ಕ ಬೇರೆ. ಅದರ ಒಂದು ಬದಿ ಚಪ್ಪಟೆಯಾಗಿಯೇ ಇರಬೇಕು, ಮಸೆಯುವುದು ಇನ್ನೊಂದು ಬದಿಯನ್ನು ಮಾತ್ರ. ಕಸಿಯ ಎರಡು ತುಂಡುಗಳ ಕೊಯ್ತ ನುಣುಪಾಗಿ, ಸಪಾಟಾಗಿದ್ದರಷ್ಟೇ ತೊಗಟೆಯಡಿಯ ಹಸಿರು ಪದರಗಳು ಒಂದಕ್ಕೊಂದು ತಾಗಿ ಬೆಸೆದುಕೊಳ್ಳುತ್ತವೆ.

ಅಳತೆ? 7ರಿಂದ 8 ಸೆಂಟಿಮೀಟರ್ ಅಲಗು, ಬೆನ್ನಿನ ದಪ್ಪ 2ರಿಂದ 3 ಮಿಲಿಮೀಟರ್. ದಿನದ ಕೆಲಸಕ್ಕೆ ಇದಕ್ಕಿಂತ ಉದ್ದ ಬೇಕಾಗುವುದು ಅಪರೂಪ. ದಪ್ಪ ಅಲಗು ಬಲವಾಗಿ ಕಂಡರೂ ಉಳ್ಳಾಗಡ್ಡಿಯನ್ನು ಕೊಯ್ಯದೆ ಸೀಳುತ್ತದೆ.

ಕಾನೂನನ್ನೂ ತಿಳಿದಿರಬೇಕು. 2016ರ ಶಸ್ತ್ರಾಸ್ತ್ರ ನಿಯಮಗಳು 9 ಇಂಚಿಗಿಂತ ಉದ್ದದ ಅಥವಾ 2 ಇಂಚಿಗಿಂತ ಅಗಲದ ಅಲಗಿನ ಚಾಕುಗಳನ್ನು ಆಯುಧಗಳ ಪಟ್ಟಿಗೆ ಸೇರಿಸಿ, ಮನೆ, ಕೃಷಿ, ವಿಜ್ಞಾನ, ಕೈಗಾರಿಕೆಯ ಬಳಕೆಗೆಂದೇ ಮಾಡಿದವನ್ನು ಹೊರಗಿಟ್ಟಿವೆ. ಗುಂಡಿ ಒತ್ತಿದರೆ ಚಿಮ್ಮಿ ತೆರೆಯುವ ಚಾಕುಗಳ ಮೇಲೆ ಪೊಲೀಸರ ಕಣ್ಣು ಹೆಚ್ಚು. ದಿಲ್ಲಿಯ ಆಡಳಿತ 1980ರ ಅಧಿಸೂಚನೆಯಲ್ಲಿ ಅಂಥವಕ್ಕೆ 7.62 ಸೆಂಟಿಮೀಟರ್ ಉದ್ದದ ಮಿತಿ ಹಾಕಿತು. ಹಿಂದಿ ಸಿನಿಮಾಗಳ ಖಳರ ಕೈಯಲ್ಲಿ ಹೆಸರಾದ ಉತ್ತರ ಪ್ರದೇಶದ ರಾಂಪುರಿ ಚಾಕುವಿಗೂ ಅಲ್ಲಿನ ಸರಕಾರ ನಾಲ್ಕೂವರೆ ಇಂಚಿನ ಗಡಿ ಹಾಕಿದ ಮೇಲೆ ಆ ಊರಿನ ಕುಶಲಕರ್ಮಿಗಳ ದೊಡ್ಡ ವ್ಯಾಪಾರ ಕುಸಿಯಿತು. ಗುಂಡಿಯ ಚಾಕು ಯಾರಿಗೂ ಬೇಡ. ಕೆಲಸಕ್ಕೆ ಅದರಿಂದ ಯಾವ ಲಾಭವೂ ಇಲ್ಲ. ವಿಮಾನ ಹತ್ತುವವರು ಸಣ್ಣ ಚಾಕುವನ್ನೂ ಕೈಚೀಲದಲ್ಲಿ ಒಯ್ಯುವಂತಿಲ್ಲ, ಸಾಮಾನಿನ ಪೆಟ್ಟಿಗೆಯಲ್ಲಿ ಹಾಕಿ ಕಳಿಸಬೇಕು. ಚುನಾವಣೆಯಲ್ಲೋ ಬೇರೆ ಸಂದರ್ಭದಲ್ಲೋ ನಿಷೇಧಾಜ್ಞೆ ಇದ್ದಾಗ ಅದನ್ನು ಮನೆಯಲ್ಲೇ ಬಿಟ್ಟು ಹೋಗಬೇಕು.

ಅಂಗಡಿಯಲ್ಲಿ ಪರೀಕ್ಷಿಸಲು ಎರಡು ನಿಮಿಷ ಸಾಕು. ಅಲಗು ತೆರೆದು, ಮೊನೆಯ ಹತ್ತಿರ ಬೆನ್ನನ್ನು ಹಿಡಿದು ಎಡಬಲಕ್ಕೆ ಅಲುಗಿಸಿ. ಕೀಲಿನಲ್ಲಿ ಕಡಕಡ ಎಂದರೆ ಕೆಳಗಿಡಿ. ಬೀಗ ಹಾಕಿ, ಬೆರಳುಗಳನ್ನು ಸಂದಿನಿಂದ ದೂರವಿಟ್ಟು, ಅಲಗಿನ ಬೆನ್ನನ್ನು ಮೇಜಿನ ಅಂಚಿಗೆ ಮೆಲ್ಲಗೆ ಒತ್ತಿ, ಬೀಗ ಜಾರಬಾರದು. ಮುಚ್ಚಿದಾಗ ಮೊನೆ ಪೂರ್ತಿ ಹಿಡಿಯೊಳಗೆ ಮುಳುಗಿರಬೇಕು, ಅಂಚು ಒಳಗಿನ ಲೋಹಕ್ಕೆ ತಾಗಬಾರದು. ಕೀಲಿಗೆ ಬಡಿದ ಮೊಳೆಯ ಬದಲು ಸ್ಕ್ರೂ ಇದ್ದರೆ ಇನ್ನೂ ಒಳ್ಳೆಯದು, ಸಡಿಲವಾದಾಗ ಬಿಗಿ ಮಾಡಿಕೊಳ್ಳಬಹುದು.

ತಂದ ಮೇಲಿನ ಆರೈಕೆ ಸುಲಭ. ಕೆಸರು ಹತ್ತಿದ ದಿನವೇ ತೊಳೆದು, ಅಲಗು ತೆರೆದೇ ಒಣಗಿಸಿ, ಕೀಲಿಗೆ ಒಂದು ಹನಿ ಎಣ್ಣೆ ಬಿಡಬೇಕು. ರೋಗ ಬಂದ ಕಬ್ಬನ್ನು ಸೀಳಿದ ಚಾಕುವಿನಿಂದಲೇ ಬೀಜದ ಕಬ್ಬು ಕತ್ತರಿಸಬಾರದು. ಕೂಳೆ ಕಬ್ಬನ್ನು ಗಿಡ್ಡ ಮಾಡುವ ಬ್ಯಾಕ್ಟೀರಿಯಾ ಕೊಯ್ಯುವ ಅಲಗಿನ ಮೂಲಕವೇ ಗಿಡದಿಂದ ಗಿಡಕ್ಕೆ ದಾಟುತ್ತದೆ. ಅಲಗನ್ನು ಸ್ಪಿರಿಟ್ಟಿನಿಂದ ಒರೆಸಿದರೆ ಆಯಿತು. ಬ್ಲೀಚಿಂಗ್ ಪುಡಿಯ ನೀರೂ ನಡೆಯುತ್ತದೆ, ಆದರೆ ಅದು ಉಕ್ಕನ್ನು ತಿನ್ನುವುದರಿಂದ ಕೂಡಲೇ ತೊಳೆಯಬೇಕು. ಕೀಲಿಗೆ ಅಡುಗೆಮನೆಯ ಕುಸುಬಿ ಎಣ್ಣೆ ಬಿಡುವುದು ಬೇಡ. ಕುಸುಬಿ ಎಣ್ಣೆ ಗಾಳಿಯ ಆಮ್ಲಜನಕದೊಡನೆ ಸೇರಿ ನಿಧಾನವಾಗಿ ಗಟ್ಟಿ ಪೊರೆಯಾಗುತ್ತದೆ. ಹಿಂದಿನವರು ಅದನ್ನು ಬಣ್ಣ, ವಾರ್ನಿಷ್‌ಗಳಿಗೆ ಬಳಸಿದ್ದು ಈ ಗುಣಕ್ಕಾಗಿಯೇ. ಕೀಲಿನೊಳಗೆ ಅದು ಅಂಟಾಗಿ, ಎರೆಯ ದೂಳನ್ನು ಹಿಡಿದುಕೊಂಡು, ಬೀಗವನ್ನು ಅರ್ಧದಲ್ಲೇ ನಿಲ್ಲಿಸುತ್ತದೆ. ಹೊಲಿಗೆ ಯಂತ್ರದ ಎಣ್ಣೆ ಖನಿಜ ಎಣ್ಣೆಯಾದ್ದರಿಂದ ಹಾಗೆ ಗಟ್ಟಿಯಾಗುವುದಿಲ್ಲ. ಒಂದು ಸಣ್ಣ ಬಾಟಲಿ ವರ್ಷಗಟ್ಟಲೆ ಬರುತ್ತದೆ.