ಕಳಿಸಿದ ರೊಕ್ಕ ಮರಳಿ ಬಂದದ್ದೇಕೆ?



ಹದಿನೆಂಟು ತುಂಬಿದ ಮೇಲೆ ನನ್ನ ಹೆಸರಿನಲ್ಲೇ ಒಂದು ಮ್ಯೂಚುವಲ್ ಫಂಡ್ ಖಾತೆ ತೆರೆದೆ. ಮುಂದೆ ಡಿಗ್ರಿ ಓದಲು ಕೂಡಿಡಬೇಕೆಂಬ ಆಸೆ. ಗೋವಿನಜೋಳ ಮಾರಿ ಬಂದ ಹಣದಲ್ಲಿ ಚಾಚಾ 5,000 ರೂಪಾಯಿಯನ್ನು ತಮ್ಮ ಬ್ಯಾಂಕ್ ಖಾತೆಯಿಂದಲೇ ಫಂಡ್‌ಗೆ ಕಳಿಸಿದರು. ಮೂರನೆಯ ದಿನ ಅಷ್ಟೂ ಹಣ ಅವರ ಖಾತೆಗೆ ವಾಪಸ್ ಬಂತು. "ಇದೆಲ್ಲ ಮೋಸ, ಬ್ಯಾಡ ಬಿಡು" ಎಂದರು ಅಮ್ಮಿ.

ನಮ್ಮ ಕಾಮರ್ಸ್ ಸರ್ ಬಳಿ ಹೋದೆ. ಅವರು ಕೇಳಿದ್ದು ಒಂದೇ ಪ್ರಶ್ನೆ: "ರೊಕ್ಕ ಯಾರ ಖಾತೆಯಿಂದ ಹೋತು?"

ತಪ್ಪು ಅಲ್ಲೇ ಇತ್ತು. ಹೂಡಿಕೆ ಯಾರ ಹೆಸರಿನಲ್ಲಿದೆಯೋ ಅವರ ಬ್ಯಾಂಕ್ ಖಾತೆಯಿಂದಲೇ ಹಣ ಬರಬೇಕು. ಬೇರೆಯವರ ಹೆಸರಿನಲ್ಲಿ ಕಪ್ಪುಹಣ ಅಡಗಿಸುವುದನ್ನು ತಡೆಯಲು ಈ ಎಚ್ಚರಿಕೆ. ಇದರ ಹಿಂದೆ 2002ರ ಅಕ್ರಮ ಹಣ ವರ್ಗಾವಣೆ ತಡೆ ಕಾಯ್ದೆಯಿದೆ. ಚಾಚಾನ ಹಣ ಶುದ್ಧವೇ. ಆದರೆ ಅವರು ನನಗೆ ಏನಾಗಬೇಕು ಎಂಬುದು ಕಂಪ್ಯೂಟರಿಗೆ ಗೊತ್ತಿಲ್ಲ, ಅದು ನೋಡುವುದು ಹೆಸರನ್ನು ಮಾತ್ರ.

ಹದಿನೆಂಟು ತುಂಬದವರಿಗೆ ಒಂದು ವಿನಾಯಿತಿ ಇದೆ. ಸೆಬಿಯ 2023ರ ನಿಯಮದಂತೆ ತಂದೆ, ತಾಯಿ ಅಥವಾ ಕಾನೂನುಬದ್ಧ ಪಾಲಕರ ಖಾತೆಯಿಂದ ಮಕ್ಕಳ ಹೆಸರಿಗೆ ಹಣ ಕಟ್ಟಬಹುದು. ಹಿಂತೆಗೆಯುವಾಗ ಮಾತ್ರ ಅದು ಮಗುವಿನ ಖಾತೆಗೇ ಬರುತ್ತದೆ. ಮಗುವಿಗೆ ಹದಿನೆಂಟು ತುಂಬಿತೆಂದರೆ ಕಂತು ನಿಲ್ಲುತ್ತದೆ. ಪ್ಯಾನ್, ಕೆವೈಸಿ ಹಾಗೂ ಸ್ವಂತ ಬ್ಯಾಂಕ್ ಖಾತೆಯ ವಿವರ ಕೊಟ್ಟ ಮೇಲಷ್ಟೇ ಅದು ಮುಂದುವರಿಯುತ್ತದೆ. ದ್ವಿತೀಯ ಪಿಯುಸಿಯವರು ಇದನ್ನು ಮರೆಯಬೇಡಿ.

ಇನ್ನೊಂದು ತೊಡಕು ಹೆಸರಿನ ಬರಹ. ನಮ್ಮಲ್ಲಿ ಆಧಾರಿನಲ್ಲಿ 'ಮೊಹಮ್ಮದ್', ಪಾಸ್‌ಬುಕ್ಕಿನಲ್ಲಿ 'ಎಂಡಿ', ಮಾರ್ಕ್ಸ್ ಕಾರ್ಡಿನಲ್ಲಿ 'ಮಹಮ್ಮದ' ಎಂದಿರುವುದು ಸಾಮಾನ್ಯ. 'ಹುಸೇನಸಾಬ' ಎಂಬುದು ಒಂದು ಕಡೆ ಒಂದೇ ಪದ, ಇನ್ನೊಂದು ಕಡೆ ಎರಡು. ಹೂಡಿಕೆ ಸಂಸ್ಥೆಗಳು ಎಷ್ಟೋ ಸಲ ನಮ್ಮ ಖಾತೆಗೆ ಒಂದು ರೂಪಾಯಿ ಹಾಕಿ, ಬ್ಯಾಂಕಿನಲ್ಲಿರುವ ಹೆಸರನ್ನು ತಾಳೆ ನೋಡುತ್ತವೆ. ಹೆಸರು ಹೊಂದದಿದ್ದರೆ ಖಾತೆ ನೋಂದಣಿಯೇ ಆಗದಿರಬಹುದು.

ಹಳೆಯ ಪಾಸ್‌ಬುಕ್ ನೋಡಿ ಐಎಫ್‌ಎಸ್‌ಸಿ ಬರೆಯುವುದೂ ಅಪಾಯ. ಸಿಂಡಿಕೇಟ್ ಬ್ಯಾಂಕು 2020ರಲ್ಲಿ ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. ಅದರ ಹಳೆಯ ಕೋಡ್‌ಗಳು 2021ರ ಜುಲೈ 1ರಿಂದ ನಡೆಯುವುದಿಲ್ಲ.

ನನ್ನ ಸಮಸ್ಯೆಗೆ ಪರಿಹಾರ ಸರಳವಾಗಿತ್ತು. ಚಾಚಾ ಹಣವನ್ನು ಮೊದಲು ನನ್ನ ಬ್ಯಾಂಕ್ ಖಾತೆಗೆ ಹಾಕಿದರು. ಅಲ್ಲಿಂದ ನಾನು ಫಂಡ್‌ಗೆ ಕಳಿಸಿದೆ. ಈ ಸಲ ವಾಪಸ್ ಬರಲಿಲ್ಲ.

ಈಗ ಅಮ್ಮಿಗೆ ನಾನು ಹೇಳುವುದಿಷ್ಟು: ತಪ್ಪು ಹೆಸರಿನಿಂದ ಬಂದ ಹಣವನ್ನು ಹಿಂದಿರುಗಿಸುವುದು ಮೋಸವಲ್ಲ. "ನನ್ನ ಫೋನ್ ನಂಬರಿಗೆ ರೊಕ್ಕ ಹಾಕು, ನಿನ್ನ ಹೆಸರಲ್ಲಿ ನಾನೇ ಹೂಡ್ತೀನಿ" ಅನ್ನುವವರು ಬಂದರೆ ಎಚ್ಚರವಾಗಿರಬೇಕು. ಅಲ್ಲಿ ಹೆಸರು ತಾಳೆ ನೋಡುವವರು ಯಾರೂ ಇರುವುದಿಲ್ಲ.