ಪಾಡ್ ಕರಗಲು ಮಷೀನೇ ಬೇಕಿಲ್ಲ

ಬೇಗಂಪೇಟೆಯ ನಮ್ಮ ಫ್ಲ್ಯಾಟಿನಿಂದ ನಾನೂ ಹೆಂಡತಿಯೂ ಬೆಳಿಗ್ಗೆ ಎಂಟೂವರೆಗೆಲ್ಲ ಆಫೀಸಿಗೆ ಹೊರಡಬೇಕು. ಸೋಪಿನ ಪುಡಿ ಅಳೆಯುವ ರಗಳೆ ಬೇಡವೆಂದು ಬಟ್ಟೆ ಒಗೆಯುವ ಪಾಡ್ ತಂದೆವು. ಮೊದಲ ವಾರವೇ ನನ್ನ ನೀಲಿ ಅಂಗಿಯ ಮೇಲೆ ಲೋಳೆಯಂಥ ಅಂಟು! ತಪ್ಪು ನನ್ನದೇ. ಮಷೀನಿನ ತುಂಬ ಬಟ್ಟೆ ತುರುಕಿ, ಮೇಲೊಂದು ಪಾಡ್ ಇಟ್ಟು, ಹದಿನೈದು ನಿಮಿಷದ ಕ್ವಿಕ್ ವಾಷ್ ಒತ್ತಿದ್ದೆ.

ಪಾಡಿನ ಹೊದಿಕೆ ಪಾಲಿವಿನೈಲ್ ಆಲ್ಕೊಹಾಲ್ ಎಂಬ ತೆಳು ಪೊರೆ. ಅದು ಕರಗಲು ನೀರೂ ಬೇಕು, ಸಮಯವೂ ಬೇಕು. ಆದ್ದರಿಂದ ಒಣಗಿದ ಕೈಯಲ್ಲಿ ಖಾಲಿ ಡ್ರಮ್ಮಿಗೆ ಮೊದಲು ಪಾಡ್, ಆಮೇಲೆ ಬಟ್ಟೆ. ಪುಡಿಯ ಟ್ರೇಗೆ ಹಾಕಬೇಡಿ, ಅಲ್ಲೇ ಅರ್ಧ ಕರಗಿ ಕೂರುತ್ತದೆ. ಡ್ರಮ್ಮಿನ ಮೇಲ್ಭಾಗ ಸ್ವಲ್ಪ ಖಾಲಿ ಇರಲಿ. ಚಳಿಗಾಲದಲ್ಲಿ ಉಗುರುಬೆಚ್ಚನೆಯ ನೀರಿನ ಆಯ್ಕೆ ಒಳ್ಳೆಯದು. ಸಾಧಾರಣ ಪ್ರಮಾಣದ ಬಟ್ಟೆಗೆ ಒಂದು ಪಾಡ್ ಸಾಕು. ಬೋರ್‌ವೆಲ್ಲಿನ ಗಡಸು ನೀರಿಗೆ ಎಷ್ಟು ಬೇಕೆಂದು ಪೊಟ್ಟಣದ ಮೇಲೆ ನೋಡಿಕೊಳ್ಳಿ. ಅಂಟು ಉಳಿದಿದ್ದರೆ ಇಸ್ತ್ರಿ ಹಾಕುವ ಮೊದಲು ಬೆಚ್ಚನೆಯ ನೀರಿನಲ್ಲಿ ನೆನೆಸಿ ತೊಳೆಯಿರಿ.

ಇದೆಲ್ಲ ಬಟ್ಟೆಯ ಮಾತಾಯಿತು. ಕಳೆದ ಡಿಸೆಂಬರಿನಲ್ಲಿ ಹಾಸನದಿಂದ ಅಮ್ಮ ಬಂದರು. ಡಬ್ಬಿ ನೋಡಿ, "ಏನೋ ಇದು, ಜಾತ್ರೆ ಮಿಠಾಯಿ ಥರ ಇದೆಯಲ್ಲೋ?" ಎಂದರು. ನಾವು ನಕ್ಕೆವು. ಮರುದಿನ ಎರಡು ವರ್ಷದ ಮಗಳು ಒಂದನ್ನು ಹಿಡಿದು ಬಾಯಿಗೆ ಒಯ್ಯುತ್ತಿದ್ದಾಗ ಕಿತ್ತುಕೊಂಡವರೂ ಅಮ್ಮನೇ. ಒದ್ದೆಯಾಗಿದ್ದ ಪುಟ್ಟ ಅಂಗೈಯಲ್ಲಿ ಪೊರೆ ಆಗಲೇ ಅಂಟಂಟಾಗಿತ್ತು. ಅದಕ್ಕೆ ಮಷೀನಿನ ನೀರು ಯಾವುದು, ಮಗುವಿನ ಜೊಲ್ಲು ಯಾವುದು ಎಂಬ ಭೇದವಿಲ್ಲ.

ಅಮೆರಿಕದಲ್ಲಿ 2012ರಲ್ಲಿ ಪಾಡ್ ಜನಪ್ರಿಯವಾದ ಮೇಲೆ ಸಾವಿರಾರು ಮಕ್ಕಳು ಹೀಗೆ ಬಾಯಿಗೆ ಹಾಕಿಕೊಂಡರು. ಪೊರೆಗೆ ಕಹಿ ಸೇರಿಸಬೇಕು, ಡಬ್ಬಿಯ ಒಳಗಿರುವುದು ಹೊರಗೆ ಕಾಣಬಾರದು ಎಂಬ ಮಾನದಂಡ ಅಲ್ಲಿ 2015ರಲ್ಲಿ ಬಂತು. ಒಳಗಿನ ದ್ರವ ತೀರಾ ಗಾಢ. ಮಗು ನುಂಗಿದರೆ ವಾಂತಿ ಮಾಡಿಸಬೇಡಿ, ಬಾಯಿ ಒರೆಸಿ ತಕ್ಷಣ ಆಸ್ಪತ್ರೆಗೆ ಓಡಿ. ಕಣ್ಣಿಗೆ ಸಿಡಿದರೆ ಕನಿಷ್ಠ 15 ನಿಮಿಷ ನೀರು ಹರಿಸಿ ತೊಳೆದು ವೈದ್ಯರಿಗೆ ತೋರಿಸಿ. ದೆಹಲಿಯ ಏಮ್ಸ್‌ನಲ್ಲಿರುವ ರಾಷ್ಟ್ರೀಯ ವಿಷ ಮಾಹಿತಿ ಕೇಂದ್ರದ ಉಚಿತ ಸಂಖ್ಯೆ 1800 116 117. ಫೋನಿನಲ್ಲಿ ಇಟ್ಟುಕೊಳ್ಳಿ.

ಅಂದು ಸಂಜೆ ಅಮ್ಮ ಬೈಯಲಿಲ್ಲ. "ಊರಲ್ಲಿ ಸೀಮೆಎಣ್ಣೆ ಬಾಟ್ಲಿ ಎಲ್ಲಿಡ್ತಿದ್ದೆ, ನೆನಪಿದೆಯೇನೋ?" ಎಂದಷ್ಟೇ ಕೇಳಿದರು.

ನಮ್ಮ ಪಾಡ್ ಡಬ್ಬಿಯೂ ಈಗ ಅಟ್ಟದ ಮೇಲಿದೆ.